ಬಿಟ್ಟಿ ದುಡಿಮೆ ತ್ಯಾಗವೇ? ವಿಕಿಪೀಡಿಯದ ಮೂಲಕ ವ್ಯಕ್ತಿವಾದ

ಹಲವರು ಸಂಬಳವಿಲ್ಲದೆ ಕೂಡಿ ಬರೆಯುವ ವಿಕಿಪೀಡಿಯ ವ್ಯಕ್ತಿವಾದಕ್ಕೆ, ಅಂದರೆ ವ್ಯಕ್ತಿಯ ಸ್ವಂತ ಆಯ್ಕೆಗೆ ಮೊದಲ ಸ್ಥಾನ ಕೊಡುವ ವಿಚಾರಕ್ಕೆ, ಒಗ್ಗುತ್ತದೆಯೇ? ಈ ಪ್ರಶ್ನೆಗೆ ವ್ಯಕ್ತಿವಾದವೆಂದರೆ ಒಂಟಿಯಾಗಿ ದುಡಿಯುವುದು ಎಂದು ಬರೆದರೆ ಉತ್ತರ ಮೊದಲ ಸಾಲಲ್ಲೇ ದಾರಿ ತಪ್ಪುತ್ತದೆ. ಕೂಡಿ ಕೆಲಸ ಮಾಡುವುದಕ್ಕೆ ಈ ಪಂಥದ ತಕರಾರಿಲ್ಲ. ತಕರಾರು ಬಲವಂತದ ಬಗ್ಗೆ.

2001ರ ಜನವರಿಯಲ್ಲಿ ಲ್ಯಾರಿ ಸ್ಯಾಂಗರ್ ಜೊತೆ ವಿಕಿಪೀಡಿಯ ಆರಂಭಿಸಿದ ಜಿಮ್ಮಿ ವೇಲ್ಸ್, ತಮ್ಮ ಆಲೋಚನೆಗೆ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಾಯೆಕ್ 1945ರಲ್ಲಿ ಬರೆದ ಪ್ರಬಂಧವೊಂದು ಮುಖ್ಯವೆಂದು ಹೇಳಿದ್ದಾರೆ. ಅದರ ತಿರುಳು: ತಿಳಿವಳಿಕೆ ಜನರಲ್ಲಿ ಚೂರುಚೂರಾಗಿ ಹಂಚಿಹೋಗಿದೆ, ಒಂದು ಕೇಂದ್ರಕ್ಕೆ ಅದೆಲ್ಲ ದಕ್ಕದು. ಆದರೆ ಹಾಯೆಕ್ ಪ್ರಕಾರ ಆ ಚೂರುಗಳನ್ನು ಹೊಂದಿಸುವುದು ಮಾರುಕಟ್ಟೆಯ ಬೆಲೆ. ವಿಕಿಪೀಡಿಯದಲ್ಲಿ ಬೆಲೆಯೇ ಇಲ್ಲ. ಆ ಕೆಲಸವನ್ನು ಚರ್ಚಾಪುಟ, ಉಲ್ಲೇಖ, ಸಂಪಾದನೆಯ ಇತಿಹಾಸ ಮಾಡಬೇಕು. ಈ ವ್ಯತ್ಯಾಸ ಬಿಟ್ಟರೆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ.

ಇನ್ನು ವ್ಯಕ್ತಿವಾದಿ ಕಾದಂಬರಿಕಾರ್ತಿ ಐನ್ ರ‍್ಯಾಂಡ್. ಆಕೆಯ ಲೆಕ್ಕದಲ್ಲಿ ಹೆಚ್ಚು ಬೆಲೆಬಾಳುವುದನ್ನು ಕಡಿಮೆಯದಕ್ಕಾಗಿ ಬಿಟ್ಟುಕೊಟ್ಟರೆ ಮಾತ್ರ ಅದು ತ್ಯಾಗ. ಶಾಸನಗಳ ಹುಚ್ಚಿರುವವರು ಹಲ್ಮಿಡಿಯ ಬಗ್ಗೆ ಸಂಬಳವಿಲ್ಲದೆ ಬರೆದರೆ ತ್ಯಾಗವೇನೂ ಆಗಲಿಲ್ಲ, ಇಷ್ಟದ ಕೆಲಸ ಆಯಿತು. ‘ನಾನು ಬರೆಯದಿದ್ದರೆ ಕನ್ನಡ ಉಳಿಯದು’ ಎಂಬ ಅಪರಾಧಭಾವದಿಂದ ನಿದ್ದೆಗೆಟ್ಟು ಬರೆದರೆ? ಲೇಖನ ಅದೇ ಇರಬಹುದು, ರ‍್ಯಾಂಡ್ ಮಾತ್ರ ಒಪ್ಪುತ್ತಿರಲಿಲ್ಲ.

ಕಠಿಣ ಪ್ರಶ್ನೆ ಇಲ್ಲಿದೆ. ಆಕೆಯ 1943ರ ಕಾದಂಬರಿ ‘ದಿ ಫೌಂಟನ್‌ಹೆಡ್’ನಲ್ಲಿ ವಾಸ್ತುಶಿಲ್ಪಿ ರೋರ್ಕ್, ನಕ್ಷೆಯಲ್ಲಿದ್ದಂತೆಯೇ ಕಟ್ಟಬೇಕೆಂಬ ಷರತ್ತು ಮುರಿದದ್ದಕ್ಕೆ ಕಟ್ಟಡವನ್ನೇ ಸ್ಫೋಟಿಸುತ್ತಾನೆ. ‘ನನ್ನ ವಾಕ್ಯ ತಿದ್ದಿದರು’ ಎಂದು ಸಿಟ್ಟಾದ ವಿಕಿಪೀಡಿಯ ಸಂಪಾದಕರಿಗೂ ಈ ಸಮರ್ಥನೆ ಸಲ್ಲುತ್ತದೆಯೇ? ಇಲ್ಲ. ಉಳಿಸುವ ಗುಂಡಿ ಒತ್ತಿದಾಗಲೇ ಅವರು ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ-ಎಸ್‌ಎ 4.0 ಪರವಾನಗಿ ಒಪ್ಪಿರುತ್ತಾರೆ: ಯಾರು ಬೇಕಾದರೂ ತಿದ್ದಬಹುದು, ಮಾರಲೂಬಹುದು, ಕರ್ತೃವನ್ನು ಸೂಚಿಸಬೇಕು, ಬದಲಿಸಿ ಹಂಚುವಾಗ ಅದಕ್ಕೂ ಇದೇ ಪರವಾನಗಿ ಇರಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲಾಗದು. ರೋರ್ಕ್‌ನ ಷರತ್ತಿಗೆ ಇದು ನೇರ ತದ್ವಿರುದ್ಧ. ಆದರೂ ಹಟ ಹಿಡಿದು ಇಂಗ್ಲಿಷ್ ವಿಕಿಪೀಡಿಯದ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಬಾರಿ ಇತರರ ತಿದ್ದುಪಡಿ ರದ್ದುಮಾಡಿದರೆ ನಿರ್ಬಂಧ ಬೀಳಬಹುದು.

ಒಪ್ಪದವರಿಗೆ ಹೊರದಾರಿ ಇದೆ: ಪಠ್ಯವನ್ನು ನಕಲಿಸಿ ಬೇರೆ ಮನೆ ಹೂಡುವುದು. 2002ರಲ್ಲಿ ಸ್ಪ್ಯಾನಿಷ್ ವಿಕಿಪೀಡಿಯದ ಹಲವರು, ಜಾಹೀರಾತು ಬರುವ ಭಯವೂ ಸೇರಿದ ಕಾರಣಗಳಿಗೆ, ‘ಎನ್ಸಿಕ್ಲೊಪೀಡಿಯ ಲಿಬ್ರೆ’ ಕಟ್ಟಿಕೊಂಡು ಹೋದರು. ಇದಕ್ಕೆ ಅನುಮತಿ ಬೇಕಿರಲಿಲ್ಲ. ಆದರೆ ಪರವಾನಗಿ ಕೊಡುವುದು ಪಠ್ಯವನ್ನು ಮಾತ್ರ. ಹೆಸರು, ಓದುಗರು ಜೊತೆಗೆ ಬರುವುದಿಲ್ಲ. ಹೊರಹೋಗುವ ಹಕ್ಕು ಇದೆ ಎಂದಷ್ಟೇ ಬರೆದು ಅದರ ಖರ್ಚನ್ನು ಬಿಟ್ಟ ಉತ್ತರಗಳು ಸೊರಗುವುದು ಇಲ್ಲೇ. ಅಂದಹಾಗೆ, ಅವರು ಹೆದರಿದ ಜಾಹೀರಾತು ವಿಕಿಪೀಡಿಯಕ್ಕೆ ಬರಲೇ ಇಲ್ಲ.