ಒಸಿಡಿ ನೋಟ್ಸ್: ಗ್ಯಾಸ್ ಬಂದ್ ಮಾಡೀನೋ ಇಲ್ಲೋ

ಒಸಿಡಿ, ಅಂದ್ರ ಅಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್ ಅನ್ನೋ ಗೀಳು ಕಾಯಿಲೆ ಬಗ್ಗೆ ಸೈಕಿಯಾಟ್ರಿಕ್ ನರ್ಸಿಂಗ್ ಪೇಪರ್‌ಗೆ ಓದೋರಿಗೆ ಬರೀತಿದೀನಿ, ನಾನೂ ನಿಮ್ಮಂಗ ಓದ್ಕೊಂತ ಇರೋಳ, ಡಾಕ್ಟ್ರಲ್ಲ. ಮೊದಲ ಒಂದು ಮಾತು ತಲಿಯಿಂದ ತೆಗೀರಿ. ಹಾಸ್ಟೆಲ್‌ನ್ಯಾಗ ಬೆಡ್‌ಶೀಟ್ ನೀಟಾಗಿ ಹಾಸೋ ಹುಡುಗಿಗೆ "ಇಕಿಗೆ ಒಸಿಡಿ" ಅಂತೀವಲ್ಲ, ಅದು ಒಸಿಡಿ ಅಲ್ಲ, ಅಜ್ಜಿ ಮಡಿ ಮಾಡೋದೂ ಅಲ್ಲ. ಅಜ್ಜಿಗೆ ಮಡಿಯಾಗ ನೆಮ್ಮದಿ ಐತಿ, ಗೀಳು ಕಾಯಿಲೆ ಇದ್ದೋರಿಗೆ ತೊಳದಷ್ಟೂ ಕಾಟ.

ಅಬ್ಸೆಷನ್ ಅಂದ್ರ ಬ್ಯಾಡ ಅಂದ್ರೂ ನುಗ್ಗಿ ಬರೋ ವಿಚಾರ, ಕಂಪಲ್ಷನ್ ಅಂದ್ರ ಆ ಹೆದರಿಕಿ ಇಳಿಸಾಕ ಮಾಡಲೇಬೇಕು ಅನ್ಸೋ ಕೆಲಸ. ಕೊಪ್ಪಳದಾಗ ಒಬ್ಬರು ಹೊಸಪೇಟೆ ಬಸ್ ಹಿಡೀಬೇಕು ಅನ್ಕೊಳ್ರಿ, ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ಮನಿಗೆ ವಾಪಸ್ ಬಂದು ನೋಡ್ತಾರ, ಮತ್ತ ಬರ್ತಾರ, ಆರನೇ ಸಲ ಹೆಂಡ್ತಿ "ಬಂದ್ ಐತ್ರಿ, ನಾನ ನೋಡೀನಿ" ಅಂತಾಳ, ಎರಡು ನಿಮಿಷ ಹಗುರ ಆಗತೈತಿ, ಮತ್ತ ಡೌಟು. ಆ ಎರಡು ನಿಮಿಷದ ಹಗುರದಾಗ ಐತಿ ಪೂರಾ ಕಾಯಿಲೆ. ನೋಡಿದ್ದಕ್ಕ ಬಚಾವ್ ಆದೆ ಅಂತ ಮಿದುಳು ಕಲಿತೈತಿ, ಮುಂದಿನ ಸಲ ಇನ್ನೂ ಜೋರಾಗಿ ಕೇಳತೈತಿ. ಅಂದ್ರ ಹೆಂಡ್ತಿ ಹೇಳಿದ ಸಮಾಧಾನನೂ ಕಂಪಲ್ಷನ್‌ನ ಭಾಗ, ಇದನ್ನ ನಾವು ಭಾಳ ಮಂದಿ ಬಿಟ್ಟುಬಿಡ್ತೀವಿ.

ಕಣ್ಣಿಗೆ ಕಾಣದಿರೋ ಕಂಪಲ್ಷನ್ ಇನ್ನೂ ಕಷ್ಟ. ಹುಲಿಗೆಮ್ಮನ ದರ್ಶನಕ್ಕ ಸಾಲಿನ್ಯಾಗ ನಿಂತ ಭಕ್ತಿವಂತ ಹೆಣ್ಮಗಳ ತಲ್ಯಾಗ ಅಮ್ಮನ ಮ್ಯಾಲ ಒಂದು ಕೆಟ್ಟ ಮಾತು ಬರತೈತಿ, ಆಕಿ ಒಳಗೊಳಗ 21 ಸಲ ತಪ್ಪಾತು ಅಂತಾಳ, ಎಣಿಕಿ ತಪ್ಪಿದ್ರ ಮೊದಲಿಂದ. ಪಕ್ಕದೋರಿಗೆ ಏನೂ ಗೊತ್ತಾಗಂಗಿಲ್ಲ. ಮನ್ಯಾಗ ಹೇಳಾಕ ನಾಚಿಕಿ, ಪಾಪ ಸುತ್ತಿಕೊಂಡೈತಿ ಅಂತ ವರ್ಷಗಟ್ಟಲೆ ಒಬ್ಬಾಕಿನ ಅನುಭವಿಸ್ತಾಳ. ತಾನು ನಂಬಿದ್ದಕ್ಕ ಪೂರ್ತಿ ಉಲ್ಟಾ ವಿಚಾರ ಬರೋದರಿಂದನ ಅಷ್ಟು ಸಂಕಟ. ಕೂಸಿಗೆ ಏನರ ಮಾಡಿಬಿಡ್ತೀನೇನೋ ಅಂತ ನಡುಗೋ ಬಾಣಂತಿದೂ ಹಿಂಗ ಇರಬಹುದು, ವಿಚಾರ ಬಂತು ಅಂದ್ರ ಮಾಡ್ತಾರ ಅಂತಲ್ಲ.

ಪರೀಕ್ಷೆಗೆ ಬೇಕಾದದ್ದು ಬೇಗ ಹೇಳ್ತೀನಿ. ಒಸಿಡಿ ಅನ್ನಬೇಕಂದ್ರ ಈ ಅಬ್ಸೆಷನ್, ಕಂಪಲ್ಷನ್ ದಿನಕ್ಕ 1 ತಾಸಿಗಿಂತ ಜಾಸ್ತಿ ಟೈಮ್ ತಿನ್ನಬೇಕು, ಇಲ್ಲಾಂದ್ರ ಭಾಳ ಸಂಕಟ ಕೊಡಬೇಕು ಅಥವಾ ಕೆಲಸ-ಸಂಸಾರ ಕೆಡಿಸಬೇಕು. ಅಮೆರಿಕದ ಮನೋವೈದ್ಯರು ಕಾಯಿಲೆ ಗುರುತಿಸಾಕ ಮಾಡಿದ ಕೈಪಿಡಿ, 2013ರ ಡಿಎಸ್‌ಎಂ-5, ಇದನ್ನ ಆಂಗ್ಸೈಟಿ ಗುಂಪಿನಿಂದ ತೆಗೆದು ಬ್ಯಾರೆ ಅಧ್ಯಾಯ ಮಾಡ್ತು. ಕಾಯಿಲೆ ಎಷ್ಟು ಜೋರೈತಿ ಅಂತ ಅಳೆಯೋ ಯೇಲ್-ಬ್ರೌನ್ ಸ್ಕೇಲ್‌ನ್ಯಾಗ 10 ಪ್ರಶ್ನೆ, 40 ಮಾರ್ಕ್ಸ್, 16ರಿಂದ 23 ಅಂದ್ರ ಮಧ್ಯಮ.

ಟ್ರೀಟ್‌ಮೆಂಟ್‌ನ್ಯಾಗ ಇಆರ್‌ಪಿ (ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್) ಚಂದಾಗಿ ಓದ್ರಿ. 1966ರಾಗ ಮನೋವಿಜ್ಞಾನಿ ವಿಕ್ಟರ್ ಮೇಯರ್ ಇದರ ದಾರಿ ತೋರಿಸಿದ್ರು. ಹೆದರಿಕಿ ಹುಟ್ಟಿಸೋದನ್ನ ಮುಟ್ಟಬೇಕು, ಆದ್ರ ಕಂಪಲ್ಷನ್ ಮಾಡಬಾರದು. ಬಸ್ಸಿನ ಕಂಬಿ ಹಿಡಿದು ಹತ್ತು ನಿಮಿಷ ಕೈ ತೊಳೀದ ಕೂಡೋದು, ಆಮ್ಯಾಲ ಇಪ್ಪತ್ತು ನಿಮಿಷ, ಹಿಂಗ ಮೆಟ್ಟಿಲು ಮೆಟ್ಟಿಲಾಗಿ, ಪೇಷಂಟ್ ಒಪ್ಪಿದ ಮ್ಯಾಲ. ನಮ್ಮ ಕಡೆ ನಳ ದಿನಾ ಬರಂಗಿಲ್ಲ, ಒಬ್ಬರ ಕೈ ತೊಳೆಯೋದ್ರಾಗ ಟ್ಯಾಂಕ್ ಖಾಲಿ ಆದ್ರ ಮನ್ಯಾಗ ಜಗಳ ಆಗೋದು ಸಹಜ, ಆದ್ರ ಸಿಟ್ಟಿಗೆ ಸೋಪು ಮುಚ್ಚಿಡೋದು ಇಆರ್‌ಪಿ ಅಲ್ಲ, ಅದು ಬರೀ ಹಿಂಸೆ.

ಮಾತ್ರೆ ಅಂದ್ರ ಫ್ಲುವಾಕ್ಸೆಟಿನ್, ಸರ್ಟ್ರಾಲಿನ್, ಫ್ಲುವಾಕ್ಸಮಿನ್ ಥರದ ಎಸ್‌ಎಸ್‌ಆರ್‌ಐಗಳು, ಅಂದ್ರ ಮಿದುಳಿನ ಸೆರೊಟೋನಿನ್ ಮ್ಯಾಲ ಕೆಲಸ ಮಾಡೋ, ಡಿಪ್ರೆಷನ್‌ಗೂ ಕೊಡೋ ಮಾತ್ರೆಗಳು. ಸಾಮಾನ್ಯವಾಗಿ ಡಿಪ್ರೆಷನ್‌ಗಿಂತ ಡೋಸ್ ಹೆಚ್ಚು ಬೇಕಾಗತೈತಿ, ಪರಿಣಾಮ ಕಾಣಾಕ 8ರಿಂದ 12 ವಾರ. ಎರಡು ವಾರಕ್ಕ "ಏನೂ ಆಗ್ಲಿಲ್ಲ" ಅಂತ ಬಿಡೋರು ಭಾಳ, ಶುರು ಮಾಡೋ ದಿನಾನ ಇದನ್ನ ಹೇಳಬೇಕು, ತಾವಾಗೇ ಒಮ್ಮಿಗೇ ನಿಲ್ಲಿಸಬಾರದು ಅಂತನೂ. ಇವು ಸಾಲದಿದ್ರ ಕ್ಲೊಮಿಪ್ರಮಿನ್.

ಸಹಾಯಕ್ಕ ಬೆಂಗಳೂರಿಗೇ ಓಡಬೇಕು ಅಂತಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಾಗ ಶುರುವಾತು, ಅದಕ್ಕ ಮಾದರಿ ಆಗಿದ್ದು 1985ರಾಗ ನಿಮ್ಹಾನ್ಸ್‌ನೋರು ನಮ್ಮ ಬಳ್ಳಾರಿ ಜಿಲ್ಲೆಯಾಗ ಮಾಡಿದ ಪ್ರಯೋಗ, ಓದಿದಾಗ ಎದಿ ಉಬ್ಬಿತು ನೋಡ್ರಿ. ಈಗ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನ ಕಾಣಬಹುದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಯಾವ ಹೊತ್ತಿನಾಗೂ ಫೋನ್ ಮಾಡಬಹುದು, ಕನ್ನಡದಾಗ ಮಾತಾಡ್ತಾರ, ದುಡ್ಡಿಲ್ಲ.

ಇನ್ನು ಆ ಹೆಂಡ್ತಿಗೆ ಏನು ಹೇಳ್ಬೇಕು? ವೈವಾದಾಗ ಕೇಳಿದ್ರ ಇಷ್ಟು ಹೇಳ್ರಿ: ಗಂಡನ ಕೂಡ ಮೊದಲ ಮಾತಾಡಿಕೊಂಡು, ಏಳನೇ ಸಲ ಕೇಳಿದಾಗ ಬೈಬಾರದು, ಗ್ಯಾಸ್ ನೋಡಾಕೂ ಹೋಗಬಾರದು. "ಹೆದರಿಕಿ ಆಗೇತಿ ಅಂತ ಗೊತ್ತೈತ್ರಿ, ಇದಕ್ಕ ನಾನು ಉತ್ತರ ಕೊಡಂಗಿಲ್ಲ, ಬರ್ರಿ, ಬಸ್ ಸ್ಟ್ಯಾಂಡ್ ತನ ನಾನೂ ಬರ್ತೀನಿ."