ಗಾಯಕಿಗೆ ಗೌರವ ಅಂದ್ಮೇಲೆ ಹಾಡು ಬೇಡವಾ?

ಪ್ರಶ್ನೆ: ಜಾಝ್ ಪಿಯಾನೊ ವಾದಕ ಮ್ಯಾಲ್ ವಾಲ್ಡ್ರನ್ ಅವರ ‘ಬ್ಲೂಸ್ ಫಾರ್ ಲೇಡಿ ಡೇ’ ಆಲ್ಬಂ ಅಮೆರಿಕದ ಜಾಝ್ ಗಾಯಕಿ ಬಿಲ್ಲಿ ಹಾಲಿಡೇಗೆ (‘ಲೇಡಿ ಡೇ’ ಅವರ ಅಡ್ಡಹೆಸರು) ಅರ್ಪಣೆ ಅಂತಾರೆ. ಕೇಳಿದರೆ ಬರೀ ಪಿಯಾನೊ. ಯಾರಾದರೂ ಹಾಡಬೇಕಿತ್ತಲ್ವಾ?

ಉತ್ತರ: ಯಾರನ್ನು ಕರೆಸಿದ್ದರೂ ನಾವು ಹಾಲಿಡೇಗೆ ಹೋಲಿಸುತ್ತಲೇ ಕೂರುತ್ತಿದ್ದೆವು. ಪಾಪ, ಹಾಡಿದವರ ಗತಿ ಏನಾಗಬೇಕಿತ್ತು!

ಅದಿರಲಿ. ವಾಲ್ಡ್ರನ್ ದೂರದಿಂದ ಮೆಚ್ಚಿಕೊಂಡ ಅಭಿಮಾನಿಯಲ್ಲ. 1957ರಿಂದ, 1959ರ ಜುಲೈನಲ್ಲಿ ಹಾಲಿಡೇ 44ನೇ ವಯಸ್ಸಿಗೆ ತೀರಿಕೊಳ್ಳುವ ತನಕ, ಅವರಿಗೆ ಪಿಯಾನೊ ನುಡಿಸಿದವರು. ಹಾಲಿಡೇಗೆ ಪಕ್ಕವಾದ್ಯ ನುಡಿಸುವುದು ಸುಲಭವಲ್ಲ. ಅವರು ಬೇಕೆಂದೇ ತಾಳಕ್ಕಿಂತ ಸ್ವಲ್ಪ ಹಿಂದೆ ಉಳಿದು ಹಾಡುತ್ತಿದ್ದರು. ಪಿಯಾನೊದವರು ಅವರಿಗಾಗಿ ಕಾಯುತ್ತಾ ಕೂತರೆ ಹಾಡೇ ಕುಸಿದುಬೀಳುತ್ತದೆ. ತಾಳ ಬಿಡಬಾರದು, ಅವರ ಸಾಲಿನ ಮೇಲೆ ಬೀಳಲೂಬಾರದು. ಸಾಲು ಮುಗಿದು ಅವರು ಉಸಿರು ತೆಗೆದುಕೊಳ್ಳುವಾಗ ಎರಡೋ ಮೂರೋ ಸ್ವರ ಹಾಕಬೇಕು, ಅಷ್ಟೇ.

1959ರ ಫೆಬ್ರವರಿಯಲ್ಲಿ ಲಂಡನ್ನಿನ ಒಂದು ಟಿವಿ ಕಾರ್ಯಕ್ರಮದಲ್ಲಿ ಹಾಲಿಡೇ ‘ಸ್ಟ್ರೇಂಜ್ ಫ್ರೂಟ್’ ಹಾಡಿದರು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರನ್ನು ಕೊಂದು ಮರಕ್ಕೆ ನೇತುಹಾಕುತ್ತಿದ್ದುದರ ಬಗೆಗಿನ ಹಾಡದು. 1939ರಲ್ಲೇ ಅವರು ಅದನ್ನು ರೆಕಾರ್ಡ್ ಮಾಡಿದ್ದರು. ಲಂಡನ್ನಿನಲ್ಲಿ ಪಿಯಾನೊ ವಾಲ್ಡ್ರನ್ ಅವರದು. ಹದಿಮೂರು ವರ್ಷದ ನಂತರ, 1972ರಲ್ಲಿ, ನೆದರ್ಲೆಂಡ್ಸ್‌ನ ಬಾರ್ನ್ ಊರಿನಲ್ಲಿ ಈ ಆಲ್ಬಂಗಾಗಿ ಅದೇ ಹಾಡನ್ನು ಒಬ್ಬರೇ ನುಡಿಸಿದರು.

ಪಿಯಾನೊದಲ್ಲಿ ಒಂದು ತೊಂದರೆ ಇದೆ. ವೀಣೆಯಲ್ಲಾದರೆ ತಂತಿ ಎಳೆದು ಸ್ವರವನ್ನು ಜಾರಿಸಬಹುದು, ಸಾಹಿತ್ಯವನ್ನು ಮನಸ್ಸಿನಲ್ಲೇ ಹಾಡಿಕೊಂಡು ಬೆರಳಲ್ಲಿ ತರಬಹುದು. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದ ಮೇಲೆ ಮುಗೀತು. ಸ್ವರ ಬಾಗುವುದಿಲ್ಲ, ಏರುವುದಿಲ್ಲ, ಇಳಿಯುತ್ತಾ ಸಾಯುತ್ತದೆ. ಹಾಲಿಡೇ ಗಂಟಲಿನ ಕೊಂಕು ಅದರಲ್ಲಿ ಬರುವುದಿಲ್ಲ. ಬರಿಸಲು ಒದ್ದಾಡದೇ ಇರುವುದೇ ವಾಲ್ಡ್ರನ್ ಜಾಣತನ ಅನ್ನೋದು ನನ್ನ ಅನಿಸಿಕೆ. ಅವರದು ಮಂದ್ರದಲ್ಲಿ ಓಡಾಡುವ, ಕತ್ತಲೆ ಬಣ್ಣದ ಕೈ. ಸಣ್ಣ ತುಣುಕೊಂದನ್ನು ಹಿಡಿದು ಮತ್ತೆ ಮತ್ತೆ ನುಡಿಸುತ್ತಾರೆ, ಸುಮ್ನೆ ಅಲಂಕಾರ ಮಾಡುವುದಿಲ್ಲ. ಮಾತನ್ನು ಎಳೆಯುವ ಬದಲು ಒತ್ತಿ ಒತ್ತಿ ಹೇಳಿದ ಹಾಗೆ.

ಈ ಶೈಲಿ ಹೀಗೆ ಗಟ್ಟಿಯಾಗಲು ಇನ್ನೊಂದು ಕಾರಣವೂ ಇದೆ. 1963ರಲ್ಲಿ ಹೆರಾಯಿನ್ ಅತಿಯಾಗಿ ವಾಲ್ಡ್ರನ್ ಕುಸಿದುಬಿದ್ದರು. ಪಿಯಾನೊ ನುಡಿಸುವುದೇ ಮರೆತುಹೋಯಿತು. ತಮ್ಮದೇ ಹಳೆಯ ರೆಕಾರ್ಡ್‌ಗಳನ್ನು ಕೇಳಿಕೊಂಡು ಮೊದಲಿಂದ ಕಲಿತರು. ಆಮೇಲೆ ಯುರೋಪಿಗೆ ಹೋಗಿ ನೆಲೆಸಿದರು. ಕೈ ತಿರುಗಿ ಬಂದಾಗ ರಾಗದ ಸೊಬಗಿಗಿಂತ ಲಯದ ಹಟ ಜಾಸ್ತಿಯಾಗಿತ್ತು. ಇದು ಎಲ್ಲರಿಗೂ ಹಿಡಿಸುವುದಿಲ್ಲ. ಒಂದೇ ಕಡೆ ಸುತ್ತುತ್ತಾರಲ್ಲ ಅಂತ ಬೇಜಾರಾಗುವವರೂ ಇದ್ದಾರೆ.

ನೀವು ಹೀಗೆ ಮಾಡಿ ನೋಡಿ. ಮೊದಲು ಲಂಡನ್ನಿನ ಆ ವಿಡಿಯೊ ನೋಡಿ, ಆದರೆ ಕಿವಿ ಪಿಯಾನೊ ಮೇಲಿರಲಿ. ಆಮೇಲೆ ಆಲ್ಬಂನಲ್ಲಿರುವ ಅದೇ ಹಾಡು ಹಾಕಿ. ಇನ್ನೂ ಬೇಕೆಂದರೆ ‘ಡೋಂಟ್ ಎಕ್ಸ್‌ಪ್ಲೇನ್’ ಕೇಳಿ. ಹಾಲಿಡೇ ತಾವೇ ಇನ್ನೊಬ್ಬರ ಜೊತೆ ಸೇರಿ ಬರೆದ ಹಾಡದು. ಅದರ ಸಾಹಿತ್ಯವನ್ನು ಒಮ್ಮೆ ಓದಿಕೊಂಡು ಕೂತರೆ ಪಿಯಾನೊ ಯಾವ ಸಾಲಿನಲ್ಲಿದೆ ಅಂತ ಸುಲಭವಾಗಿ ಹಿಡಿಯಬಹುದು.