ಎಷ್ಟು ವರ್ಷ ಹಿಂದಕ್ಕೆ ನೋಡಬೇಕು?

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಜ್ಞಾನ ಸಂಶೋಧನೆಯ ಉಸ್ತುವಾರಿ ವ್ಯಾನೆವರ್ ಬುಷ್ ಎಂಬ ಎಂಜಿನಿಯರ್ ಕೈಯಲ್ಲಿತ್ತು. 1945ರ ಜುಲೈನಲ್ಲಿ ಅವರು ಅಧ್ಯಕ್ಷ ಟ್ರೂಮನ್‌ಗೆ ಒಂದು ವರದಿ ಕೊಟ್ಟರು. ಉಪಯೋಗವೇನು ಎಂದು ಕೇಳದೆ ಮೂಲ ಸಂಶೋಧನೆಗೆ ಸರ್ಕಾರ ಹಣ ಹಾಕಬೇಕು, ಅದು ಬಂಡವಾಳವಿದ್ದಂತೆ, ಮುಂದೆ ಕೈಗೆ ಬರುತ್ತದೆ ಎಂಬುದು ಅವರ ವಾದ. ಮುಂದೆ ಅಂದರೆ ಯಾವಾಗ? ಅದಕ್ಕೆ ಅವರು ತಾರೀಖು ಹಾಕಲಿಲ್ಲ. 1950ರಲ್ಲಿ ಇಂಥ ಸಂಶೋಧನೆಗೆ ಹಣ ಹಂಚುವ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಶನ್ ಹುಟ್ಟಿತು. ರಕ್ಷಣಾ ಇಲಾಖೆಯಂತೂ ವಿಶ್ವವಿದ್ಯಾಲಯಗಳಿಗೆ ಧಾರಾಳವಾಗಿ ದುಡ್ಡು ಕೊಟ್ಟಿತು.

ಕೊಟ್ಟವರು ಒಂದಲ್ಲ ಒಂದು ದಿನ ಲೆಕ್ಕ ಕೇಳುತ್ತಾರೆ, ಅಲ್ವಾ? 1960ರ ದಶಕದಲ್ಲಿ ಆ ಇಲಾಖೆ 'ಪ್ರಾಜೆಕ್ಟ್ ಹೈಂಡ್‌ಸೈಟ್' ಶುರುಮಾಡಿತು. ಕ್ಷಿಪಣಿ, ಟಾರ್ಪಿಡೊ, ಸರಕು ವಿಮಾನ ಹೀಗೆ ಸುಮಾರು 20 ಸೇನಾ ವ್ಯವಸ್ಥೆಗಳನ್ನು ಆರಿಸಿಕೊಂಡು, ಅವುಗಳ ಹಿಂದಿದ್ದ 700ರಷ್ಟು ಮುಖ್ಯ ಹೆಜ್ಜೆಗಳನ್ನು ಪತ್ತೆಹಚ್ಚಿದರು. ಬರೀ ಕುತೂಹಲದಿಂದ ನಡೆದ ಸಂಶೋಧನೆಯ ಪಾಲು ಎಷ್ಟು ಗೊತ್ತೇ? ಶೇ 0.3. ಅಂದರೆ ಸಾವಿರಕ್ಕೆ ಮೂರು!

ವಿಜ್ಞಾನಿಗಳು ಕೆರಳಿದರು. ಕೆರಳಲು ಕಾರಣವೂ ಇತ್ತು. ಈ ಅಧ್ಯಯನ ಹೆಚ್ಚುಕಡಿಮೆ 1945ರವರೆಗೆ ಮಾತ್ರ, ಅಂದರೆ ಸುಮಾರು 20 ವರ್ಷ ಹಿಂದಕ್ಕೆ ಹೋಗಿತ್ತು. ಅದಕ್ಕೂ ಹಿಂದಿನ ಕ್ವಾಂಟಮ್ ಸಿದ್ಧಾಂತ, ವಿದ್ಯುತ್ತು–ಕಾಂತತೆಯನ್ನು ವಿವರಿಸುವ ಮ್ಯಾಕ್ಸ್‌ವೆಲ್ ಸಮೀಕರಣಗಳು ಎಲ್ಲವೂ ಲೆಕ್ಕದಿಂದ ಹೊರಗೆ. ಕಾವೇರಿಯ ಮೂಲ ಹುಡುಕಲು ಹೊರಟು ಕೆಆರ್‌ಎಸ್ ಅಣೆಕಟ್ಟಿನ ಹತ್ತಿರವೇ ನಿಂತುಬಿಟ್ಟ ಹಾಗೆ.

ಸೈನ್ಸ್ ಫೌಂಡೇಶನ್ ಸುಮ್ನೆ ಕೂರಲಿಲ್ಲ. 1968ರಲ್ಲಿ 'ಟ್ರೇಸಸ್' ಎಂಬ ತನ್ನದೇ ಅಧ್ಯಯನ ಹೊರತಂದಿತು. ಗರ್ಭನಿರೋಧಕ ಮಾತ್ರೆ, ವಿಡಿಯೊ ಟೇಪ್ ರೆಕಾರ್ಡರ್, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸೇರಿದಂತೆ ಐದು ಆವಿಷ್ಕಾರಗಳ ಜಾಡು ಹಿಡಿದು ಸುಮಾರು 50 ವರ್ಷ ಹಿಂದಕ್ಕೆ ಹೋದರು. ಈ ಸಲ ಶೇ 70ರಷ್ಟು ಹೆಜ್ಜೆಗಳು ಯಾವ ಬಳಕೆಯನ್ನೂ ಗುರಿಯಾಗಿಟ್ಟುಕೊಳ್ಳದ ಸಂಶೋಧನೆಯವು! ಅಂಥ ಕೆಲಸ ಅತಿ ಜಾಸ್ತಿ ನಡೆದದ್ದು ಆವಿಷ್ಕಾರಕ್ಕೆ 20–30 ವರ್ಷ ಮುಂಚೆ. ಹೈಂಡ್‌ಸೈಟ್‌ನವರು ಗೆರೆ ಎಳೆದಿದ್ದ ಜಾಗದಿಂದ ಆಚೆಗೆ.

ಟ್ರೇಸಸ್ ಕೂಡ ನಿಷ್ಪಕ್ಷಪಾತ ಎಂದು ನನಗೆ ಅನಿಸುವುದಿಲ್ಲ. ಮೂಲ ಸಂಶೋಧನೆಗೆ ಹಣ ಹಂಚುವ ಸಂಸ್ಥೆಯೇ ಅದನ್ನು ಮಾಡಿಸಿದ್ದು. ಆರಿಸಿಕೊಂಡ ವಸ್ತುಗಳೂ ಬೇರೆ. ಆದರೂ ಎರಡು ಉತ್ತರಗಳ ನಡುವಿನ ಅಂತರಕ್ಕೆ ದೊಡ್ಡ ಕಾರಣ ಆ 30 ವರ್ಷಗಳೇ.

ಸಂಸತ್ತಿಗೆ ಅಷ್ಟು ತಾಳ್ಮೆ ಇರಲಿಲ್ಲ. ವಿಯೆಟ್ನಾಂ ಯುದ್ಧದ ಸಿಟ್ಟೂ ಸೇರಿತ್ತು. 1969ರಲ್ಲಿ ಸೆನೆಟರ್ ಮೈಕ್ ಮ್ಯಾನ್ಸ್‌ಫೀಲ್ಡ್ ತಂದ ತಿದ್ದುಪಡಿ ಪ್ರಕಾರ, ಸೇನೆಯ ಕೆಲಸಕ್ಕೆ 'ನೇರ' ಸಂಬಂಧವಿದ್ದರೆ ಮಾತ್ರ ಸಂಶೋಧನೆಗೆ ಸೇನೆಯ ಹಣ. ಮರುವರ್ಷವೇ ಅದನ್ನು ಸಡಿಲಿಸಿ, ಸಂಬಂಧ ಬರುವ ಸಾಧ್ಯತೆ ಇದ್ದರೂ ಸಾಕು ಎಂದರು. ಎಷ್ಟು ವರ್ಷದೊಳಗೆ ಬರಬೇಕು ಎಂದು ಮಾತ್ರ ಅವರೂ ಬರೆಯಲಿಲ್ಲ.